ಮುನಿತಾಯಮ್ಮನ ಸಂಪಿನಲ್ಲಿ ಆರು ಚಾಪೆ

ಕುರುಬರಹಳ್ಳಿಯ ಮುನಿತಾಯಮ್ಮನ ಮನೆಯಲ್ಲಿ ಬೆಳಗ್ಗೆ ಒಂಬತ್ತಕ್ಕೆ ನಲ್ಲಿಗಳೆಲ್ಲ ಬುಸುಗುಟ್ಟಿ ನಿಂತುಹೋದವು. ಕಾವೇರಿ ನೀರು ನಿನ್ನೆಯಷ್ಟೇ ಬಂದಿತ್ತು. ಎಲ್ಲಿ ಹೋಯಿತು ಸ್ವಾಮಿ ಅಷ್ಟು ನೀರು? ಮಹಡಿಯ ಬಾಡಿಗೆಯವಳು ಕುಸುಮಾ ಬಕೆಟ್ ಹಿಡಿದು ಇಳಿದು ಬಂದರೆ, ಓನರಮ್ಮ ನೆಲದಡಿಯ ನೀರಿನ ಸಂಪಿನ ಮುಚ್ಚಳ ತೆಗೆದು ಒಳಗೆ ಚಾಪೆ ಇಳಿಸುತ್ತಿದ್ದಳು!

"ಅಮ್ಮಾ, ಇದೇನ್ ಮಾಡ್ತಾ ಇದೀರಾ?"

"ನೀರೆಲ್ಲ ಚರಂಡಿಗೆ ಬುಟ್ಟೆ ಕಣವ್ವ. ಅಣುಬಾಂಬ್ ಹಾಕುದ್ರೆ ಇಳ್ಕೊಂಡು ಮುಚ್ಚಳ ಹಾಕ್ಕೊಳೋದು, ವಾಟ್ಸಾಪಲ್ಲಿ ಹೇಳವ್ರೆ. ಆರು ಜನಕ್ಕೆ ಆರು ಚಾಪೆ."

ಪಕ್ಕದ ದೇಶದ ಜೊತೆ ಯುದ್ಧ ಶುರುವಾದಾಗಿನಿಂದ ಟೀವಿಯಲ್ಲಿ ಅದೇ ಮಾತು. ಎರಡೂ ಕಡೆಯವರು ಅಣುಬಾಂಬಿನ ಹೆಸರೆತ್ತಿ ಗುಟುರು ಹಾಕುತ್ತಿದ್ದರು. ನಿನ್ನೆ ಸರ್ಕಾರದವರು ಊರಲ್ಲಿ ಸೈರನ್ ಬೇರೆ ಊದಿಸಿ ನೋಡಿದ್ದರು. ಮೊಮ್ಮಕ್ಕಳನ್ನು ಹೇಗಪ್ಪಾ ಉಳಿಸಿಕೊಳ್ಳುವುದು ಎಂಬ ಒಂದೇ ಚಿಂತೆ ಮುನಿತಾಯಮ್ಮನಿಗೆ.

"ಅಯ್ಯೋ! ಮುಚ್ಚಳ ಹಾಕ್ಕೊಂಡ್ರೆ ಬಾಂಬೇ ಬೇಕಿಲ್ಲ, ಉಸಿರುಕಟ್ಟೇ ಹೋಗ್ತೀರಾ," ಎಂದಳು ಕುಸುಮಾ. ಅವಳು ಆಸ್ಪತ್ರೆಯೊಂದರ ಸುಟ್ಟಗಾಯದ ವಾರ್ಡಿನಲ್ಲಿ ನರ್ಸ್.

ಮಗ ಮಧುಕುಮಾರ್ ಕಾಫಿ ಲೋಟ ಹಿಡಿದು ಹೊರಗೆ ಬಂದ. "ಅಮ್ಮಂಗೆ ಸುಮ್ನೆ ಗಾಬರಿ ಸಿಸ್ಟರ್. ಅವ್ರ ಹತ್ರ ಬಾಂಬ್ ಇದ್ರೆ ನಮ್ಹತ್ರಾನೂ ಇದೆ. ಒಂದ್ ಹಾಕಿದ್ರೆ ನಾವು ನಾಲ್ಕು ಹಾಕ್ತೀವಿ. ಆ ಭಯಕ್ಕೇ ಯಾರೂ ಹಾಕಲ್ಲ."

"ಅಷ್ಟು ಧೈರ್ಯ ಇದ್ರೆ, ನೀರು ಖಾಲಿ ಮಾಡಕ್ಕೆ ಮೋಟಾರಿಗೆ ಪೈಪ್ ಹಾಕಿಕೊಟ್ಟಿದ್ ಯಾರು ಸಾರ್?"

ಮಧುವಿನ ಮುಖ ಹುಳ್ಳಗಾಯಿತು. ಹಾಕಿಕೊಟ್ಟವನು ಅವನೇ.

"ಭಯ ಎಷ್ಟು ದಿನ ಕಾಯುತ್ತೆ ಹೇಳಿ? ಯಾರೋ ಸಿಟ್ಟಲ್ಲಿ ತಪ್ಪು ತಿಳ್ಕೊಂಡ್ರೆ? ಯಾವ್ದೋ ಮಿಷಿನ್ ಸುಳ್ಳೇ ಅಪಾಯ ಅಂತ ತೋರಿಸಿದ್ರೆ? ಹಿರೋಶಿಮಾ ಮೇಲೆ ಬಿದ್ದಿದ್ದು ಒಂದೇ ಬಾಂಬ್. ವರ್ಷ ಮುಗಿಯೋದ್ರೊಳಗೆ ಹೆಚ್ಚುಕಮ್ಮಿ ಒಂದು ಲಕ್ಷ ನಲವತ್ತು ಸಾವಿರ ಜನ ಸತ್ರು. ನಮ್ ವಾರ್ಡಲ್ಲಿ ಮೂವತ್ತು ಹಾಸಿಗೆ. ಸಿಲಿಂಡರ್ ಸಿಡಿದು ಎಂಟು ಜನ ಬಂದ್ರೇ ಒದ್ದಾಡ್ತೀವಿ. ಇಲ್ಲಿಂದ ಕೆಂಗೇರಿವರೆಗೂ ಸುಟ್ಟವರಿದ್ರೆ ಯಾರು ಸಾರ್ ನೋಡೋದು? ನಾನೂ ಬದುಕಿರಲ್ಲ."

ಅಷ್ಟರಲ್ಲಿ ಕುಸುಮಾಳ ಮಗಳು, ಆರು ವರ್ಷದ ಚೈತ್ರ, ಓಡಿಬಂದು ಸಂಪಿನೊಳಗೆ ಇಣುಕಿದಳು.

"ಅಜ್ಜೀ, ಇದ್ರಲ್ಲಿ ನನ್ ಚಾಪೆ ಯಾವ್ದು?"

ದಿನಾ ಮಧ್ಯಾಹ್ನ ಮುನಿತಾಯಮ್ಮನ ಕೈಯಿಂದಲೇ ಮುದ್ದೆ ತುತ್ತು ನುಂಗುವ ಕೂಸು ಅದು. ಅದಕ್ಕೆ ಚಾಪೆಯೇ ಇರಲಿಲ್ಲ. ಮುದುಕಿ ಸಂಪಿನ ಪಕ್ಕದಲ್ಲೇ ಕುಸಿದು ಕೂತಳು.

"ಅಯ್ಯೋ ಶಿವನೇ! ಈ ಕೂಸ್ನ ಹೊರಗ್ ಬುಟ್ಟು ನಾನು ಮುಚ್ಚಳ ಎಳ್ಕೊತಿದ್ನಲ್ಲ! ನಾನೆಂಥ ಪಾಪಿ ಕಣವ್ವ!"

"ನೀವ್ ಪಾಪಿ ಅಲ್ಲಮ್ಮ. ಒಳ್ಳೇವ್ರನ್ನೂ ಹಿಂಗ್ ಮಾಡ್ಬಿಡುತ್ತೆ ಆ ಬಾಂಬು. ಅದಕ್ಕೇ ಅದು ಯಾರ ಹತ್ರಾನೂ ಇರಬಾರ್ದು."

"ನಾವು ಬಿಟ್ಟು ಅವ್ರು ಇಟ್ಕೊಂಡ್ರೆ?" ಮಧು ಬಿಡಲಿಲ್ಲ.

"ನಾವೊಬ್ರೇ ಬಿಡೋಣ ಅಂತ ಯಾರ್ ಹೇಳಿದ್ರು? ಎಲ್ರೂ ಕೂತು ಮಾತಾಡಿ, ಒಬ್ರದನ್ನ ಒಬ್ರು ತಪಾಸಣೆ ಮಾಡ್ಕೊಂಡು, ಒಟ್ಟಿಗೇ ಕಮ್ಮಿ ಮಾಡ್ಬೇಕು. ನಲವತ್ತು ವರ್ಷದ ಹಿಂದೆ ಪ್ರಪಂಚದಲ್ಲಿ ಎಪ್ಪತ್ತು ಸಾವಿರದ ಹತ್ರ ಇದ್ವು. ಈಗ ಹನ್ನೆರಡು ಸಾವಿರ ಚಿಲ್ರೆ. ಒಪ್ಪಂದ ಮಾಡ್ಕೊಂಡೇ ಅಷ್ಟು ಇಳಿಸಿದ್ದು."

ಮಧು ಚೈತ್ರಳನ್ನು ಒಮ್ಮೆ ನೋಡಿದ, ಲೋಟ ಕೆಳಗಿಟ್ಟ, ಬಗ್ಗಿ ಒಂದೊಂದೇ ಚಾಪೆಯನ್ನು ಮೇಲೆಳೆದ. ಆಮೇಲೆ ನೀರಿನ ಟ್ಯಾಂಕರಿಗೆ ಫೋನ್ ಮಾಡಿದ. ಆ ಭಾನುವಾರ ಬೀದಿಯ ಮಹಿಳಾ ಸಂಘದವರು ಅಣ್ವಸ್ತ್ರ ಕಡಿಮೆ ಮಾಡಿಸಿ ಎಂದು ಎಂ.ಪಿ.ಗೆ ಪತ್ರ ಬರೆದಾಗ ಮೊದಲ ಹೆಬ್ಬೆಟ್ಟು ಮುನಿತಾಯಮ್ಮನದು, ಅದರ ಕೆಳಗೆ ಮಧುವಿನ ಸಹಿ.

ಅಕ್ಕಂದಿರೇ, ಅಣ್ಣಂದಿರೇ, ಸೈರನ್ ಕೂಗಿದರೆ ಸರ್ಕಾರದ ಸೂಚನೆ ಕೇಳಿ, ವಾಟ್ಸಾಪಿನ ಮಾತು ನಂಬಿ ಸಂಪಿಗೆ ಇಳಿಯಬೇಡಿ. ಅಣ್ವಸ್ತ್ರ ಕಡಿಮೆ ಮಾಡಲು ಏನು ಮಾಡುತ್ತೀರಿ ಎಂದು ಓಟು ಕೇಳಲು ಬಂದವರನ್ನು ಕೇಳಿ. ಟೀವಿ ಮುಂದೆ ಕೂತು "ಹಾಕ್ಬಿಡ್ಲಿ ಒಂದು" ಎನ್ನುವ ಮೊದಲು ನಿಮ್ಮ ಮನೆಯ ಸಂಪಿನ ಹತ್ತಿರ ಒಂದು ನಿಮಿಷ ನಿಲ್ಲಿ. ಪಕ್ಕದ ಮನೆಯ ಮಗು ಬಂದು ನನ್ನ ಚಾಪೆ ಯಾವುದು ಎಂದರೆ ಏನು ಹೇಳುತ್ತೀರಿ?