ಹೌದಾದರೆ ಒಂದು ಒತ್ತಿ

ಫ್ರಿಜ್ಜು ಒಮ್ಮೆ ನಡುಗಿ ನಿಂತಿತು, ಬೆಣ್ಣೆ ಇಡುವ ಗೂಡಿನಲ್ಲಿ ಆ ಶೀಶೆ ಟಿಣ್ ಎಂದಿತು, ನನ್ನ ಗಂಡ ಥರ್ಮನ್‌ನ ಇನ್ಸುಲಿನ್, ಇರುವುದು ಅದೊಂದೇ, ಅದೂ ತಳದಲ್ಲಿ ಚೂರು — ಬೇಡ, ಅತ್ತ ನೋಡಬೇಡ ವರ್ಲೀನ್, ಫೋನು ಕಿವಿಗಿಟ್ಟುಕೋ, ಆರು ಗಂಟೆಯಿಂದ ಕಾಯಿಸುವ ಅದೇ ಪಿಯಾನೊ, ಸೋಫಾ ಕಾರ್ಖಾನೆಯಲ್ಲಿ ಕೆಲಸ ಕಳೆದುಕೊಂಡವರೆಲ್ಲ ಭಾನುವಾರ ಬೆಳಿಗ್ಗೆ ಇದೇ ನಂಬರಿಗೆ ಮುಗಿಬೀಳುತ್ತಾರೆ, ಚರ್ಚಿಗೆ ಹೋಗುವ ಮುಂಚೆ ವಾರದ ವರದಿ ಒಪ್ಪಿಸಿಬಿಡಬೇಕು, ಒಪ್ಪಿಸಿದರೆ ನಿರುದ್ಯೋಗ ಭತ್ಯೆ, ಭತ್ಯೆ ಬಂದರೆ ಇನ್ನೊಂದು ಶೀಶೆ. ಹೊರಗೆ ಟ್ರಕ್ಕಿನಲ್ಲಿ ಥರ್ಮನ್ ಹಾರ್ನ್ ಹೊಡೆಯುತ್ತಿದ್ದಾನೆ, ಕೊರಳಿಗೆ ಟೈ, ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಬ್ಯಾಂಡೇಜು, ಏನೇ, ದೇವರೂ ನನ್ನ ಇಷ್ಟು ಕಾಯಿಸಿಲ್ಲ ಕಣೇ, ನಿನ್ ಸರ್ಕಾರ ಅವನಿಗಿಂತ ದೊಡ್ಡದಾ — ನಗಿಸಬೇಡ ಮಾರಾಯ, ಪ್ರಶ್ನೆ ಕೇಳಿಸುವುದಿಲ್ಲ.

ಪಿಯಾನೊ ನಿಂತಿತು, ಯಂತ್ರದ ದನಿ, ಈ ವಾರ ಪ್ರತಿದಿನವೂ ನೀವು ಕೆಲಸಕ್ಕೆ ಲಭ್ಯವಿದ್ದಿರಾ, ಹೌದಾದರೆ ಒಂದು ಒತ್ತಿ, ಇಲ್ಲವಾದರೆ ಎರಡು. ಬಂತು, ಒಡೆಲ್‌ನನ್ನು ಮುಳುಗಿಸಿದ್ದು ಇದೇ ಪ್ರಶ್ನೆ, ನಮ್ಮ ಚರ್ಚಿನಲ್ಲಿ ಕಾಣಿಕೆ ತಟ್ಟೆ ಹಿಡಿಯುವ ಒಡೆಲ್, ಅಣ್ಣನನ್ನು ಮಣ್ಣು ಮಾಡಿದ ದಿನ ಕೆಲಸಕ್ಕೆ ಸಿಗುತ್ತಿರಲಿಲ್ಲವಲ್ಲ ಎಂದು ಎರಡು ಒತ್ತಿದ, ಅಷ್ಟೇ, ವಿಚಾರಣೆ ಎಂದು ಆರು ವಾರ ಭತ್ಯೆ ನಿಲ್ಲಿಸಿಬಿಟ್ಟರು, ಸುಳ್ ಹೇಳಿದ್ರೆ ಉಳ್ಕೋತಿದ್ದೆ ಕಣಕ್ಕ ಅಂದ, ನಗುತ್ತಲೇ ಅಂದ, ಈಗ ಅದೇ ಚರ್ಚಿನ ಹಿಂಬಾಗಿಲಲ್ಲಿ ಬಡವರಿಗೆ ಹಂಚುವ ಡಬ್ಬಿ ಊಟದ ಸಾಲಿನಲ್ಲಿ ಟೋಪಿ ಮುಖಕ್ಕೆಳೆದುಕೊಂಡು ನಿಲ್ಲುತ್ತಾನೆ. ಮಂಗಳವಾರ ನಾನೆಲ್ಲಿದ್ದೆ, ಆಸ್ಪತ್ರೆಯಲ್ಲಿ, ಬೆಳಿಗ್ಗೆಯಿಂದ ಸಂಜೆವರೆಗೆ, ಡಾಕ್ಟರು ಥರ್ಮನ್‌ನ ಕಾಲಿನ ಹೆಬ್ಬೆರಳು ಚುಚ್ಚಿ ನೋವಾಗುತ್ತಾ ಅನ್ನುತ್ತಾರೆ, ಇಲ್ವೇ ಇಲ್ಲ ಅನ್ನುತ್ತಾನೆ ಇವನು ಹೆಮ್ಮೆಯಿಂದ, ಡಾಕ್ಟರು ನಗುವುದಿಲ್ಲ, ನನ್ನ ಕಡೆ ತಿರುಗುತ್ತಾರೆ, ಒಂದು ದಿನಾನೂ ಇನ್ಸುಲಿನ್ ತಪ್ಪಿಸ್ಬೇಡಿ ಕಣಮ್ಮ, ತಪ್ಪಿದ್ರೆ ಕಾಲು ಉಳಿಯಲ್ಲ. ಇಪ್ಪತ್ತೆರಡು ವರ್ಷ ಸೋಫಾದ ಹೊದಿಕೆ ಹೊಲಿದೆ, ಯಾರ ಕಣ್ಣಿಗೂ ಬೀಳದ ಒಳಬದಿಯಲ್ಲಿ ಒಂದು ಹೊಲಿಗೆ ಜಾರಿದರೂ ಬಿಚ್ಚಿ ಮತ್ತೆ ಹೊಲಿದವಳು, ಬಿಡೇ ವರ್ಲೀನ್, ಕೂರೋರು ಅಲ್ಲಿ ಇಣುಕಿ ನೋಡ್ತಾರಾ ಎಂದು ಪಕ್ಕದ ಮೆಷಿನ್ನಿನವರು ಛೇಡಿಸುತ್ತಿದ್ದರು, ಈಗ ನನ್ನ ಬೆರಳು ಒಂದರ ಮೇಲಿದೆ, ಸುಳ್ಳು ಹೇಳಿದರೆ ಶಿಕ್ಷೆ ಎಂದು ಆ ದನಿ ಮೊದಲೇ ಹೇಳಿತ್ತಲ್ಲ, ಸಿಕ್ಕಿಬಿದ್ದರೆ, ನನ್ನನ್ನು ಎಳೆದುಕೊಂಡು ಹೋದರೆ ಇವನಿಗೆ ಸೂಜಿ ಯಾರು ಚುಚ್ಚುತ್ತಾರೆ, ಭಯವಾಗುತ್ತಿದೆ, ದೇವರೇ ತುಂಬ ಭಯವಾಗುತ್ತಿದೆ, ಒತ್ತಿದೆ, ಒಂದು.

ಧನ್ಯವಾದ, ಈ ವಾರದ ಭತ್ಯೆ ಮಂಜೂರಾಗಿದೆ. ಉಸಿರು ಬಿಟ್ಟೆ, ಚೀಲ ಎಲ್ಲಿ, ಬೈಬಲ್ ಎಲ್ಲಿ — ಹೊಸ ಕಾನೂನಿನ ಪ್ರಕಾರ ನಿಮ್ಮ ಭತ್ಯೆಯ ಅವಧಿ ಹನ್ನೆರಡು ವಾರ, ಇದು ಹನ್ನೆರಡನೆಯದು, ಉಳಿದ ವಾರಗಳು ಸೊನ್ನೆ. ಇಲ್ಲ, ಇಪ್ಪತ್ತಾರು, ಮೊದಲ ಕಾಗದದಲ್ಲಿ ಇಪ್ಪತ್ತಾರು ಎಂದಿತ್ತು, ಕಡಿತ ಏನಿದ್ರೂ ಹೊಸಬರಿಗೆ, ಹಳಬರನ್ನ ಮುಟ್ಟಲ್ಲ ಎಂದು ಎಲ್ಲರೂ ಅಂದಿದ್ದರು, ಅದಕ್ಕೇ ಒತ್ತಿದ್ದು ನಾನು, ಇನ್ನೂ ಹದಿನಾಲ್ಕು ಇವೆ ಎಂದು — ಮತ್ತೆ ಕೇಳಲು ಒಂದು ಒತ್ತಿ. ಒತ್ತಿದೆ. ಸೊನ್ನೆ. ಒತ್ತಿದೆ. ಸೊನ್ನೆ. ಬಾರೇ, ಹಾಡು ಶುರುವಾಗಿರುತ್ತೆ, ಬಂದೆ ಥರ್ಮನ್, ಬಂದೆ, ಫೋನು ಇನ್ನೂ ಕಿವಿಯಲ್ಲೇ, ಫ್ರಿಜ್ಜು ಮತ್ತೆ ನಡುಗಿತು, ಬೆಣ್ಣೆಯ ಗೂಡು, ಆ ಶೀಶೆ, ತಳದಲ್ಲಿ ಚೂರು, ಟಿಣ್, ಆ ಶೀಶೆ