ಹತ್ತಿ ಹಗ್ಗ, ಹತ್ತುವ ಹಗ್ಗ

ಹನ್ನೊಂದನೇ ಪುಟದವರೆಗೆ ಯಾರು ಬರುತ್ತಾರೆ? ಸ್ವಂತ ಅಂಗಡಿಯ ಹಗ್ಗವನ್ನು ಹುಡುಕಲು ಹೊರಟ ಸೊಸೆಗೇ ಏಳನೇ ಪುಟದ ಹೊತ್ತಿಗೆ ಬೆರಳು ಸೋತುಹೋಗುತ್ತಿತ್ತು. ಆನ್‌ಲೈನ್ ಮಾರುಕಟ್ಟೆಯಲ್ಲಿ ‘ಹಗ್ಗ’ ಎಂದು ಹುಡುಕಿದರೆ ನೈಲಾನ್ ಹಗ್ಗ, ನಾಯಿ ಕಟ್ಟುವ ಹಗ್ಗ, ಕೊನೆಗೆ ಹಗ್ಗದ ಚಿತ್ರವಿರುವ ಕಾಫಿ ಲೋಟ ಕೂಡ ಮುಂದೆ ಬಂದು ನಿಲ್ಲುತ್ತಿತ್ತು. ಅವಳ ಮಾವ ನಲವತ್ತು ವರ್ಷಗಳಿಂದ ಕೈಯಲ್ಲಿ ಹೊಸೆಯುತ್ತಿದ್ದ ಹತ್ತಿ ಹಗ್ಗ ಮಾತ್ರ ಎಲ್ಲರ ಹಿಂದೆ, ಕರೆಯದೆ ಬಂದ ನೆಂಟನ ಹಾಗೆ ಮುದುರಿಕೊಂಡಿರುತ್ತಿತ್ತು.

“ಇವತ್ತು ನಮ್ಮಂಗಡಿ ಎಷ್ಟನೇ ಬೀದೀಲಿದೆಯಮ್ಮಾ?” ಎಂದು ಮಾವ ದಿನಾ ಬೆಳಿಗ್ಗೆ ರಾಟೆ ತಿರುಗಿಸುತ್ತಾ ಕೇಳುವರು. ಅವರ ಪಾಲಿಗೆ ಒಂದೊಂದು ಪುಟವೂ ಒಂದೊಂದು ಬೀದಿ.

“ಹನ್ನೊಂದನೇ ಬೀದಿ, ಮಾವ.”

“ಅಲ್ಲಿಗೆ ಬಸ್ಸಾದ್ರೂ ಹೋಗುತ್ತಾ?”

ತಮಾಷೆಯೇನೋ ತಮಾಷೆಯೇ. ಆದರೆ ನಿಜವಾದ ಬೀದಿಯ ಬಾಯಿಗೆ ಅಡ್ಡಲಾಗಿ ಮೇಲ್ಸೇತುವೆಯ ಗೋಡೆ ಎದ್ದ ಮೇಲೆ ಅಂಗಡಿಗೆ ಜನ ಬರುವುದೇ ನಿಂತಿತ್ತು. ಹೊಸೆದ ಹಗ್ಗ ಸುರುಳಿ ಸುರುಳಿಯಾಗಿ ಸೂರು ಮುಟ್ಟಿತ್ತು. ಬಸ್ ಓಡಿಸುವ ಗಂಡ ಒಂದು ದಿನ ಊಟದ ನಡುವೆ ತಗ್ಗಿದ ದನಿಯಲ್ಲಿ, “ಇನ್ನೊಂದು ತಿಂಗಳು ನೋಡೋಣ. ಆಮೇಲೆ ಅಪ್ಪನ ರಾಟೆ ಮಾರಿಬಿಡೋಣ” ಎಂದಿದ್ದ. ಒಳಕೋಣೆಯಲ್ಲಿದ್ದ ಮಾವ ಕೆಮ್ಮಿದ್ದರು. ಅವರಿಗೆ ಕೇಳಿಸಿತ್ತು ಎಂದು ಸೊಸೆಗೆ ಗೊತ್ತಾಯಿತು. ರಾಟೆ ಹೋದರೆ ಮಾವನ ಕೈಗೆ ಏನು ಕೆಲಸ? ಕೈಗೆ ಕೆಲಸವಿಲ್ಲದ ಮಾವನನ್ನು ಅವಳು ಊಹಿಸಲೂ ಆರಳು.

ಮಾವನದು ಒಂದು ವಿಚಿತ್ರ ಹಟ ಇತ್ತು. ಅಂಗಡಿಗೆ ಯಾರೇ ಬರಲಿ, ಚಾಕು ಕೈಗೆ ತೆಗೆದುಕೊಳ್ಳುವ ಮುಂಚೆ “ಏನು ಕಟ್ಟೋಕೆ?” ಎಂದು ಕೇಳುವರು. ಬಟ್ಟೆ ಒಣಗಿಸೋಕೆ ಎಂದರೆ ಒಂದು ಹಗ್ಗ, ಪರದೆಗೆ ಎಂದರೆ ಇನ್ನೊಂದು. ಮಗುವಿನ ಉಯ್ಯಾಲೆಗೆ ಎಂದರೆ ಮಗುವಿನ ತೂಕ ಹೇಳಲೇಬೇಕು. ಎತ್ತರಕ್ಕೆ ಏನಾದರೂ ಏರಿಸೋಕೆ ಎಂದವರನ್ನು, “ಇದು ಅದಕ್ಕಲ್ಲ ಕಣಪ್ಪ, ಎದುರಂಗಡಿಗೆ ಹೋಗು” ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿ ಕಳಿಸಿಬಿಡುವರು. ಹೀಗೆ ಕಳಿಸಿ ಕಳಿಸಿಯೇ ಎದುರಂಗಡಿಯವನು ಎರಡು ಮಹಡಿ ಕಟ್ಟಿದ ಎಂದು ಮನೆಯಲ್ಲಿ ಎಲ್ಲರೂ ನಗುತ್ತಿದ್ದರು. ಮಾವ ನಗುತ್ತಿರಲಿಲ್ಲ.

ಸೊಸೆ ಸುಮ್ಮನೆ ಕೂರುವವಳಲ್ಲ. ಹಗ್ಗವನ್ನು ಕಿಟಕಿಯ ಬೆಳಕಿಗಿಟ್ಟು ಹೊಸ ಫೋಟೋ ತೆಗೆದಳು. ‘ಹಗ್ಗ’ ಎಂದಷ್ಟೇ ಇದ್ದ ಹೆಸರನ್ನು ‘ಕೈಯಲ್ಲಿ ಹೊಸೆದ ಹತ್ತಿ ಹಗ್ಗ, ಮೂರು ಎಳೆ, ಇಪ್ಪತ್ತೈದು ಮೀಟರ್’ ಎಂದು ಬದಲಿಸಿದಳು. ಪರಿಚಯದವರಿಗೆ ದುಂಬಾಲು ಬಿದ್ದು ನಾಲ್ಕು ಒಳ್ಳೆಯ ಮಾತು ಬರೆಸಿದಳು. ಹಗ್ಗ ಹನ್ನೊಂದರಿಂದ ಆರಕ್ಕೆ ಬಂದು, ಅಲ್ಲೇ ಕಚ್ಚಿಕೊಂಡು ಕೂತಿತು.

ಕೊನೆಗೆ ಉಳಿದದ್ದು ಒಂದು ಪುಟ್ಟ ಚೌಕ. ಅದರಲ್ಲಿ ಬರೆಯುವ ಹುಡುಕುಪದಗಳು ಕೊಳ್ಳುವವರಿಗೆ ಕಾಣುವುದಿಲ್ಲ, ಯಂತ್ರಕ್ಕೆ ಮಾತ್ರ ಕಾಣುತ್ತವೆ. ಅವಳು ‘ಹತ್ತಿ ಹಗ್ಗ’ ಎಂದು ಬರೆದದ್ದೇ ತಡ, ಕೆಳಗೆ ಒಂದು ಸಾಲು ಮೂಡಿತು: ‘ಹತ್ತುವ ಹಗ್ಗ – ಈ ಪದವನ್ನು ಹೆಚ್ಚು ಜನ ಹುಡುಕುತ್ತಿದ್ದಾರೆ. ಸೇರಿಸಲೇ?’

ಅವಳಿಗೆ ನಗು ತಡೆಯಲಾಗಲಿಲ್ಲ. ಪಾಪ, ಆ ಯಂತ್ರಕ್ಕೆ ಗಿಡದ ಹತ್ತಿಯೂ ಒಂದೇ, ಮರ ಹತ್ತಿ ಕೂತವನೂ ಒಂದೇ. ನಗು ಮುಗಿದ ಮೇಲೆ ಬೆರಳು ‘ಸೇರಿಸಿ’ ಎಂಬಲ್ಲಿಗೆ ಹೋಯಿತು. ಗೊತ್ತಿಲ್ಲದೆ ಹೋಗಲಿಲ್ಲ, ಅದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಬಟ್ಟೆ ಒಣಗಿಸುವ ಹಗ್ಗ ಹಿಡಿದು ಯಾರು ಹತ್ತುತ್ತಾರೆ, ಹೆಸರಿನಲ್ಲೇ ಹತ್ತಿ ಅಂತಿದೆಯಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಆಮೇಲೆ ಒತ್ತಿದಳು.

ಮೂರನೇ ದಿನ ಹಗ್ಗ ಮೊದಲನೇ ಪುಟದಲ್ಲಿತ್ತು.

ಮಾವನಿಗೆ ಹೇಳಿದಾಗ ಅವರು ರಾಟೆ ನಿಲ್ಲಿಸಿ, ಎದ್ದು, ಅಂಗಿ ಕೊಡವಿಕೊಂಡು, “ಮುಖ್ಯ ರಸ್ತೇಲೇ?” ಎಂದರು. ಅವರ ಮುಖ ಅಷ್ಟು ಅರಳಿದ್ದನ್ನು ಅವಳು ಮದುವೆಯಾಗಿ ಬಂದ ಮೇಲೆ ನೋಡಿರಲಿಲ್ಲ. ಎರಡು ವಾರದಲ್ಲಿ ಅರವತ್ತಮೂರು ಹಗ್ಗ ಹೋದವು, ಎಲ್ಲವೂ ನಗರದೊಳಗೇ. ಪ್ರತಿ ಪೊಟ್ಟಣದ ವಿಳಾಸದ ಚೀಟಿಯ ಒಂದು ಪ್ರತಿಯನ್ನು ಅವಳು ಬಾಗಿಲ ಪಕ್ಕದ ಮೊಳೆಗೆ ಚುಚ್ಚಿಡುತ್ತಿದ್ದಳು. ರಾಟೆ ಮಾರುವ ಮಾತನ್ನು ಗಂಡ ಮತ್ತೆ ಎತ್ತಲಿಲ್ಲ.

ಆ ದಿನ ಬೆಳಿಗ್ಗೆ ಹತ್ತೂ ನಲವತ್ತಕ್ಕೆ ಅವಳು ಗ್ರಾಹಕರ ಪ್ರಶ್ನೆಗಳನ್ನು ನೋಡಿದಳು. ಒಂದು ಹೊಸದಿತ್ತು. ಒಂಬತ್ತೂ ಹತ್ತಕ್ಕೆ ಬರೆದದ್ದು.

‘ಹಗ್ಗ ನಿನ್ನೆ ತಲುಪಿತು. ಕೈಗೆ ತುಂಬ ಮೆತ್ತಗಿದೆ. ನಾವು ಗಾಜು ಒರೆಸುವವರು. ಇವತ್ತು ಆರನೇ ಮಹಡಿಯಿಂದ ಹಲಗೆ ಇಳಿಬಿಡಬೇಕು. ಇಬ್ಬರ ಭಾರ ತಡೆಯುತ್ತೆ ಅಲ್ವಾ?’

ಅವಳು ತಕ್ಷಣ ‘ಬೇಡ! ತಡೆಯೋದಿಲ್ಲ! ದಯವಿಟ್ಟು ಬಳಸಬೇಡಿ!’ ಎಂದು ಬರೆದು ಕಳಿಸಿದಳು. ಯಂತ್ರ ಬಹಳ ವಿನಯದಿಂದ ಹೇಳಿತು: ‘ನಿಮ್ಮ ಉತ್ತರ ಪರಿಶೀಲನೆಯಲ್ಲಿದೆ. ಇಪ್ಪತ್ನಾಲ್ಕು ಗಂಟೆಯೊಳಗೆ ಪ್ರಕಟವಾಗುತ್ತದೆ.’

ಸಹಾಯವಾಣಿಗೆ ಫೋನ್ ಮಾಡಿದಳು. ಸಂಗೀತ ಕೇಳಿಸಿತು. ಒಂದು ಒತ್ತಿ ಎಂದರು, ಒತ್ತಿದಳು. ನಾಲ್ಕು ಒತ್ತಿ ಎಂದರು, ಒತ್ತಿದಳು. ಮತ್ತೆ ಅದೇ ಸಂಗೀತ. ಚೀಟಿಯ ಮೇಲೆ ಫೋನ್ ನಂಬರ್ ಇರುವುದಿಲ್ಲ, ಬರೀ ಹೆಸರು, ವಿಳಾಸ. ಮೊಳೆಯಲ್ಲಿದ್ದ ಕಟ್ಟಿನಲ್ಲಿ ಅದೊಂದನ್ನು ಹುಡುಕುವಷ್ಟು ತಾಳ್ಮೆ ಎಲ್ಲಿತ್ತು? ಇಡೀ ಕಟ್ಟನ್ನೇ ಕಿತ್ತುಕೊಂಡಳು.

“ಎಲ್ಲಿಗಮ್ಮಾ?” ಎಂದರು ಮಾವ.

“ಒಬ್ರು... ನಮ್ಮ ಹಗ್ಗ ತಗೊಂಡಿದ್ದಾರೆ, ಮಾವ.”

“ಏನು ಕಟ್ಟೋಕಂತೆ?”

ಎರಡು ವಾರದಿಂದ ತಪ್ಪಿಸಿಕೊಂಡು ತಿರುಗಿದ ಪ್ರಶ್ನೆ ಇದೇ ಎಂದು ಅವಳಿಗೆ ಆಗ ತಿಳಿಯಿತು. ಹೇಳಿದಳು. ಮಾವನ ಕೈಯಲ್ಲಿದ್ದ ಎಳೆ ಜಾರಿ ನೆಲಕ್ಕೆ ಬಿತ್ತು. ಚಾಕುವನ್ನು ಜೇಬಿಗೆ ಹಾಕಿಕೊಂಡು, ನೋವಿನ ಮಂಡಿಯನ್ನು ಎಳೆದುಕೊಂಡು ಅವಳ ಹಿಂದೆಯೇ ಹೊರಟರು.

ಪ್ರಶ್ನೆಯ ಮೇಲಿದ್ದ ಹೆಸರಿನ ಚೀಟಿ ಟ್ಯಾಕ್ಸಿಯಲ್ಲಿ ಸಿಕ್ಕಿತು. ಆಮೇಲೆ ಮಾವ ಕೇಳಿದರು. “ಮೇಲಕ್ಕೆ ಏರೋರಿಗೆ ನಮ್ಮ ಹಗ್ಗ ಹೇಗೆ ಕಾಣಿಸ್ತು?”

“ಯಂತ್ರ ತಪ್ಪು ತಿಳ್ಕೊಂಡಿದೆ ಮಾವ. ಹತ್ತಿ ಅಂದ್ರೆ ಹತ್ತೋದು ಅಂದ್ಕೊಂಡಿದೆ.”

ಸುಳ್ಳಲ್ಲ. ಆದರೆ ಅರ್ಧ ನಿಜ ನಾಲಿಗೆಯ ಮೇಲೆ ಎಷ್ಟು ಕಹಿ ಎಂದು ಅವಳಿಗೆ ಗೊತ್ತಾಯಿತು. ಮಾವ ಅವಳ ಕೈ ತಟ್ಟಿದರು. “ಅದಕ್ಕೇನು ಗೊತ್ತು, ಮಾತಿನ ಗಂಧ ಇಲ್ದಿರೋದು. ನೀನ್ಯಾಕೆ ಅಳ್ತೀಯ, ನಿನ್ನ ತಪ್ಪೇನಿದೆ?” ಎಂದರು. ಅವರು ಬೈದಿದ್ದರೆ ಅವಳಿಗೆ ಎಷ್ಟೋ ಹಾಯಾಗಿರುತ್ತಿತ್ತು.

ಆ ಮನೆಯ ಬಾಗಿಲು ತೆರೆದದ್ದು ಗಾಜು ಒರೆಸುವವನ ಹೆಂಡತಿ. ಹಗ್ಗ ಭಾರ ತಡೆಯುವುದಿಲ್ಲ ಎಂದು ಕೇಳುತ್ತಲೇ ಅವಳು ಗಂಡನಿಗೆ ಫೋನ್ ಹಚ್ಚಿದಳು. ಗಂಟೆ ಹೊಡೆದುಕೊಂಡೇ ಇತ್ತು. “ಕೆಲಸದ ಹೊತ್ತಲ್ಲಿ ಎತ್ತಲ್ಲ ಅವ್ರು. ಅವ್ರ ತಮ್ಮನೂ ಜೊತೇಲಿದ್ದಾನೆ. ಬಸ್ ಡಿಪೋ ಎದುರಿಗೆ, ನೀಲಿ ಗಾಜಿನ ಕಟ್ಟಡ. ಓಡಿ!” ಎಂದಳು.

ಡಿಪೋ ತಿರುವಿನಲ್ಲೇ ಸೊಸೆಗೆ ಕಂಡಿತು. ನೀಲಿ ಗಾಜಿನ ಮೇಲೆ ಎರಡು ಬಿಳಿ ಗೆರೆ. ಕಿಟಕಿಯ ಬೆಳಕಿಗಿಟ್ಟು ಅಷ್ಟು ಚಂದವಾಗಿ ಫೋಟೋ ತೆಗೆದ ಹಗ್ಗ, ಛಾವಣಿಯ ಅಂಚಿನಿಂದ ಇಳಿಬಿದ್ದಿತ್ತು. ಅದರ ತುದಿಗೆ ಕಟ್ಟಿದ ಹಲಗೆ ಇನ್ನೂ ಖಾಲಿ ಇತ್ತು. ಅಂಚಿನ ಮೇಲೆ ಎರಡು ತಲೆಗಳು ಬಗ್ಗಿ ನೋಡುತ್ತಿದ್ದವು.

ಮಾವ ಕೆಳಗಿನಿಂದಲೇ ಎರಡೂ ಕೈ ಬೀಸಿ ಕೂಗಿದರು. ಡಿಪೋದ ಬಸ್ಸುಗಳ ಗದ್ದಲದಲ್ಲಿ ಅದು ಅವಳಿಗೇ ಸರಿಯಾಗಿ ಕೇಳಿಸಲಿಲ್ಲ. ಲಿಫ್ಟ್ ನಾಲ್ಕನೇ ಮಹಡಿಯಲ್ಲಿ ನಿಂತಿತ್ತು. ಕಾವಲುಗಾರ ಪುಸ್ತಕ ತೆರೆದು ಹೆಸರು, ಬಂದ ಕಾರಣ ಎಂದು ಶುರುಮಾಡುವಷ್ಟರಲ್ಲಿ ಅವಳು ಮೆಟ್ಟಿಲ ಮೇಲಿದ್ದಳು. ಎರಡನೇ ಮಹಡಿಯಲ್ಲಿ ಚಪ್ಪಲಿ ಬಿಟ್ಟಳು. ನಾಲ್ಕರಲ್ಲಿ ಉಸಿರು ಸಿಕ್ಕಿಕೊಂಡಿತು. ಹತ್ತುವ, ಹತ್ತುವ, ಹತ್ತುವ ಎಂದು ಅದೊಂದೇ ಪದ ಪ್ರತಿ ಮೆಟ್ಟಿಲಿಗೂ ತಲೆಯೊಳಗೆ ಬಡಿಯುತ್ತಿತ್ತು.

ಛಾವಣಿಯ ಬಾಗಿಲು ತಳ್ಳಿದಾಗ ತಮ್ಮ ಅಂಚಿನಾಚೆಗೆ ಒಂದು ಕಾಲು ಹಾಕಿಯಾಗಿತ್ತು. ಅಣ್ಣ ಅವನ ತೋಳು ಹಿಡಿದಿದ್ದ.

“ಇಳೀಬೇಡೀ!”

ದನಿ ಬಂತೋ ಇಲ್ಲವೋ ಅವಳಿಗೆ ಗೊತ್ತಾಗಲಿಲ್ಲ. ಇಬ್ಬರೂ ತಿರುಗಿದ್ದು ಮಾತ್ರ ಗೊತ್ತಾಯಿತು. ಅವಳು ಓಡಿಹೋಗಿ ತಮ್ಮನ ಅಂಗಿಯನ್ನು ಎರಡೂ ಮುಷ್ಟಿಯಲ್ಲಿ ಹಿಡಿದು ಎಳೆದಳು. ಅವನು ಒಳಗೆ ಬಿದ್ದ, ಅವನ ಮೇಲೆ ಅವಳು ಬಿದ್ದಳು.

“ಯಾರ‍್ರೀ ನೀವು? ತಲೆ ಕೆಟ್ಟಿದೆಯಾ?” ಎಂದು ಅಣ್ಣ ಕಿರುಚಿದ.

“ಹಗ್ಗ... ನಮ್ಮದು. ಅದು ತಡೆಯಲ್ಲ.”

ಅಷ್ಟರಲ್ಲಿ ಲಿಫ್ಟಿನಿಂದ ಮಾವ ಬಂದರು. ಯಾರನ್ನೂ ನೋಡದೆ ನೇರ ಅಂಚಿನ ಬಳಿಗೆ ಹೋಗಿ, ಕಾಂಕ್ರೀಟಿಗೆ ಹಗ್ಗ ಉಜ್ಜಿದ ಜಾಗವನ್ನು ಬೆರಳಿನಿಂದ ತಡವಿದರು. ಬರೀ ಹಲಗೆ ಇಳಿಬಿಟ್ಟು, ಮರಳು ಮೂಟೆ ಇಟ್ಟು ಒಂದು ಸಲ ನೋಡಿದ್ದರಂತೆ. ಅಷ್ಟಕ್ಕೇ ಮೂರು ಎಳೆಯಲ್ಲಿ ಒಂದು ಎಳೆ ಅರ್ಧ ಬಿಚ್ಚಿಕೊಂಡು ನೊರೆಯ ಹಾಗೆ ಉಬ್ಬಿತ್ತು. ಮಾವ ಅದನ್ನು ಅಗಲಿಸಿ ತೋರಿಸಿದರು. ಗಾಜು ಒರೆಸುವವನು ಅದನ್ನು ನೋಡಿದ, ತಮ್ಮನನ್ನು ನೋಡಿದ, ನೆಲದ ಮೇಲೆ ಹಾಗೇ ಕುಕ್ಕರಿಸಿದ.

“ಏನು ಕಟ್ಟೋಕೆ ಅಂತ ತಂದ್ಯಪ್ಪಾ ಇದನ್ನ?” ಎಂದರು ಮಾವ.

“ನಮ್ಮನ್ನೇ ಕಟ್ಕೊಳ್ಳೋಕೆ” ಎಂದ ಅವನು. ಸ್ವಲ್ಪ ಹೊತ್ತಿನ ಮೇಲೆ ಅವನಿಗೆ ಸಿಟ್ಟು ಬಂತು. “ಮುಟ್ಟಿದಾಗ್ಲೇ ಅನುಮಾನ ಬಂತು, ಅದಕ್ಕೇ ಕೇಳ್ದೆ. ಉತ್ತರ ಬರಲಿಲ್ಲ. ಇಲ್ಲಿಯೋರು ಮಧ್ಯಾಹ್ನದೊಳಗೆ ಮುಗಿಸಿ ಅಂತಾರೆ. ಹತ್ತುವ ಹಗ್ಗ ಅಂತ ಹುಡುಕ್ದೆ, ಮೊದಲನೇ ಪುಟದಲ್ಲಿ ಇತ್ತು. ಮೊದಲನೇ ಪುಟದಲ್ಲಿರೋದನ್ನೂ ನಂಬಬಾರದಾ? ಯಾವ ಪುಣ್ಯಾತ್ಮರು ಅದನ್ನ ಅಲ್ಲಿ ತಂದಿಟ್ಟಿದ್ದು?”

“ಯಂತ್ರ ಕಣಪ್ಪಾ” ಎಂದರು ಮಾವ. “ಅದು ತಪ್ಪು ತಿಳ್ಕೊಂಡಿದೆ. ನನ್ನ ಸೊಸೆ ಅಂಥದ್ದೆಲ್ಲ ಬರೆಯೋಳಲ್ಲ.”

ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಇಬ್ಬರೂ ಬದುಕಿದ್ದರು, ಮಾವ ಅವಳ ಪರ ನಿಂತಿದ್ದರು, ಆ ಪುಟ್ಟ ಚೌಕ ಲೋಕದಲ್ಲಿ ಇನ್ನಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಅವಳು ತರಚಿದ ಮಂಡಿಯ ಮೇಲೆ ಕೈಯೂರಿ ಎದ್ದಳು.

“ಯಂತ್ರ ಕೇಳ್ತು ಅಷ್ಟೆ, ಮಾವ. ಹೂಂ ಅಂದಿದ್ದು ನಾನು. ಗೊತ್ತಿದ್ದೇ ಅಂದೆ.”

ಮಾವ ಅವಳ ಕಡೆ ನೋಡಲಿಲ್ಲ. ಜೇಬಿನಿಂದ ಚಾಕು ತೆಗೆದರು. ಇಬ್ಬರು ಅಣ್ಣತಮ್ಮಂದಿರೂ ಸೇರಿ ಹಲಗೆಯನ್ನು ಮೇಲಕ್ಕೆಳೆದುಕೊಂಡ ಮೇಲೆ, ಒಂದು ಕೊನೆಯಿಂದ ಹಿಡಿದು ತಮ್ಮದೇ ಹಗ್ಗವನ್ನು ಮೊಳಕ್ಕೊಂದರಂತೆ ಕತ್ತರಿಸುತ್ತಾ ಹೋದರು. ಇನ್ನು ಆ ಹಗ್ಗ ಯಾವುದಕ್ಕೂ ಬರಬಾರದು ಎಂಬಂತೆ ಕತ್ತರಿಸಿದರು. ಅವಳು ಒಂದು ಮೂಲೆಯಲ್ಲಿ ನಿಂತು ಫೋನ್ ತೆರೆದು ಆ ಪದವನ್ನು ಅಳಿಸಿದಳು. ‘ಈ ಪದ ತೆಗೆದರೆ ನಿಮ್ಮ ವಸ್ತು ಕಡಿಮೆ ಜನರಿಗೆ ಕಾಣಿಸಬಹುದು. ಖಚಿತವೇ?’ ಎಂದಿತು ಯಂತ್ರ. ಹೌದು ಎಂದು ಒತ್ತಿದಳು. ಮಾವ ಕೊನೆಯ ತುಂಡು ಕತ್ತರಿಸಿ ಚಾಕು ಮಡಿಸಿದರು.

“ಎಷ್ಟು ಜನ?” ಎಂದರು.

“ಏನು ಮಾವ?”

“ಆ ಪದ ಹಾಕಿದ ಮೇಲೆ ಎಷ್ಟು ಜನಕ್ಕೆ ಹೋಗಿದೆ?”

ಅವಳ ಸೊಂಟದಲ್ಲಿ ಬೆವರಿಗೆ ಒದ್ದೆಯಾಗಿದ್ದ ಚೀಟಿಗಳ ಕಟ್ಟು ಇನ್ನೂ ಹಾಗೇ ಇತ್ತು. “ಇವರೂ ಸೇರಿ ಅರವತ್ತಮೂರು” ಎಂದಳು. ಹೇಳಿದ ಮೇಲೆಯೇ ಆ ಮಾತಿನ ಭಾರ ಅವಳಿಗೆ ತಟ್ಟಿದ್ದು.

“ನಡಿ” ಎಂದರು ಮಾವ.

ಹತ್ತಿರದ ವಿಳಾಸ ಡಿಪೋ ಹಿಂದಿನ ಓಣಿಯಲ್ಲಿತ್ತು. ಬಾಗಿಲು ತೆರೆದ ಹೆಂಗಸಿನ ಮೊಣಕೈವರೆಗೆ ಸೋಪಿನ ನೊರೆ. ಮಾವ ಪಕ್ಕಕ್ಕೆ ಸರಿದು, “ಕೇಳು” ಎಂದರು.

“ಹಗ್ಗ... ಏನು ಕಟ್ಟೋಕೆ ತಗೊಂಡ್ರಿ?”

“ಬಟ್ಟೆ ಒಣಗಿಸೋಕೆ. ಯಾಕೆ, ಇನ್ನೇನಕ್ಕೆ ತಗೋತಾರೆ?” ಎಂದು ಆಕೆ ಇವಳನ್ನು ವಿಚಿತ್ರವಾಗಿ ನೋಡಿದಳು. ಹಿತ್ತಲಲ್ಲಿ ಬಿಳಿ ಹಗ್ಗದ ಮೇಲೆ ಪುಟ್ಟ ಪುಟ್ಟ ಅಂಗಿಗಳು ತೂಗುತ್ತಿದ್ದವು. ಸೊಸೆಗೆ ಅಳು ಉಕ್ಕಿ ಬಂತು. ಮಾವ ಆ ಚೀಟಿಯನ್ನು ತೆಗೆದುಕೊಂಡು ಜೇಬಿಗಿಟ್ಟರು.

ಮುಂದಿನ ಮನೆಗೆ ಬೀಗ ಹಾಕಿತ್ತು. ಅವಳು ಎರಡು ಸಲ ಬಾಗಿಲು ಬಡಿದಳು, ಕಿಟಕಿಯಿಂದ ಇಣುಕಿದಳು. ಒಳಗೆ ಹಗ್ಗ ಕಾಣಲಿಲ್ಲ. ಪಕ್ಕದವರನ್ನು ಕೇಳಿದರೆ, ಬೆಳಿಗ್ಗೆಯೇ ಹೋದರು, ಎಲ್ಲಿಗೋ ಗೊತ್ತಿಲ್ಲ ಎಂದರು.

ಮಾವ ಮಂಡಿ ಹಿಡಿದುಕೊಂಡು ಆ ಮನೆಯ ಮೆಟ್ಟಿಲ ಮೇಲೆ ಕೂತರು. ಅವಳು ಒಪ್ಪಿಕೊಂಡ ಮೇಲೆ ಮೊದಲ ಸಲ ಅವಳ ಮುಖ ನೋಡಿದರು.

“ಇದು ಎಷ್ಟನೇ ಬೀದೀನಮ್ಮಾ?”

ಈ ಸಲ ಅದರಲ್ಲಿ ತಮಾಷೆ ಇರಲಿಲ್ಲ. “ಮೂರನೇದು ಮಾವ. ಇದೂ ಸೇರಿ ಇನ್ನೂ ಅರವತ್ತೊಂದಿದೆ” ಎಂದಳು.

“ಇವರು ಬರ‍್ಲಿ” ಎಂದು ಮಾವ ಸ್ವಲ್ಪ ಪಕ್ಕಕ್ಕೆ ಸರಿದು ಅವಳಿಗೆ ಜಾಗ ಮಾಡಿದರು. “ಕೇಳ್ಕೊಂಡೇ ಹೋಗೋಣ.”