ಮೆಟ್ಟಿಲ ತಿರುವಿನ ದಿಂಬು

“ಇನ್ನೊಂಚೂರು ಒತ್ತು. ಕಾಲು ನೆಟ್ಟಗಾಗ್ಬೇಕು” ಎಂದಳು ಗಂಡನ ಅಕ್ಕ. ಗಂಡ ಹೆಂಡತಿಯ ಹೆಣದ, ಮಡಿಚಿ ಸೆಟೆದಿದ್ದ ಬಲ ಮೊಣಕಾಲಿನ ಮೇಲೆ ಎರಡೂ ಅಂಗೈ ಊರಿದ.

ಒಳಗಿನಿಂದ ಓಡಿಬಂದ ಮಗಳು ಅವನ ಕೈ ತಳ್ಳಿದಳು. “ಮುಟ್ಟಬೇಡಿ ಅಪ್ಪ, ಆ ಕಾಲನ್ನ.”

“ಸ್ಟ್ರೆಚರಿನ ಪಟ್ಟಿ ಕಟ್ಟೋಕೆ ಬರ್ತಿಲ್ಲ ಕಣೆ. ಈಗೇನು ಅವಳಿಗೆ ನೋಯುತ್ತಾ?”

“ಬದುಕಿದ್ದಾಗಲೂ ಇದನ್ನೇ ಕೇಳ್ತಿದ್ರಿ.”

“ಸಾವಿನ ಮನೇಲಿ ಬಾಯಿ ಮಾಡ್ಬೇಡ ಕಣೆ” ಎಂದಳು ಗಂಡನ ಅಕ್ಕ. “ಅವನೇನು ತೋರಿಸ್ಲಿಲ್ವಾ? ಎಕ್ಸ್‌ರೇ ತೆಗೆಸಿದ್ದ. ಮೂಳೆ ಕಲ್ಲಿನ ಹಾಗಿದೆ ಅಂದ್ರು.”

“ಸವೆದಿದ್ದು ಮೂಳೆ ತುದಿಯ ಮೆತ್ತನೆ ಪದರ ಅತ್ತೆ. ಅದು ಎಕ್ಸ್‌ರೇಲಿ ಕಾಣಲ್ಲ ಅಂತ ಎಷ್ಟು ಸಲ ಬಡ್ಕೊಂಡೆ?”

“ನಮ್ಮ ಕಾಜಾ ಅಕ್ಕ ಒಂದಿನ ಅಯ್ಯೋ ಅಂದವಳಲ್ಲ” ಎಂದು ಪಕ್ಕದ ಮನೆಯಾಕೆ ಕಣ್ಣೊರೆಸಿಕೊಂಡಳು. ಬೀದಿಯವರ ಅಂಗಿಗಳಿಗೆಲ್ಲ ಗುಂಡಿ ತೂರಿಸುವ ಕಾಜಾ ಹೊಲಿದು ಬಂದ ಹೆಸರು ಅದು.

“ಅಂದಿದ್ರೆ ಯಾರು ಕೇಳ್ತಿದ್ರು?” ಎಂದಳು ಮಗಳು.

ಮೂರನೇ ಮಹಡಿಯ ಮನೆ. ಲಿಫ್ಟ್ ಇಲ್ಲ. ನೆಲದಂತಸ್ತಿನ ಮನೆ ಖಾಲಿಯಾದಾಗ ಗಂಡ, “ಅಲ್ಲಿ ಗಾಳಿ ಬರಲ್ಲ” ಎಂದಿದ್ದ. ನಿನ್ನೆ ತರಕಾರಿ ಚೀಲ ಹೊತ್ತು ಹತ್ತುತ್ತಿದ್ದವಳ ಮೊಣಕಾಲು ಕುಸಿದಿತ್ತು. ತಲೆ ಮೆಟ್ಟಿಲಿಗೆ ಬಡಿದಿತ್ತು.

*

ಹೋದ ತಿಂಗಳು ಎಮ್‌ಆರ್‌ಐ ಮಾಡಿಸಲು ಕರೆದೊಯ್ದವಳು ಮಗಳೇ. ಯಂತ್ರದ ಕೊಳವೆಯಿಂದ ಹೊರಬಂದ ತಾಯಿ, “ಏನು ಸದ್ದೇ ಅದು! ನನ್ನ ಹೊಲಿಗೆ ಮೆಷಿನ್ನಿಗಾದ್ರೆ ಎಣ್ಣೆ ಬಿಡ್ತಿದ್ದೆ” ಎಂದು ನಕ್ಕಿದ್ದಳು.

ಡಾಕ್ಟರು ಪರದೆಯ ಮೇಲೆ ಬೆರಳಿಟ್ಟರು. “ಈ ಗೆರೆ ಪೂರ್ತಿ ಇರಬೇಕಿತ್ತಮ್ಮ. ಇಲ್ಲಿ ಹರಿದಿದೆ. ಇಲ್ಲಂತೂ ಇಲ್ಲವೇ ಇಲ್ಲ. ಮೂಳೆಗೆ ಮೂಳೆ ಉಜ್ಜುತ್ತಿದೆ.”

“ಹಾಗಾದ್ರೆ ನಾಟಕ ಅಲ್ಲ, ಅಲ್ವಾ ಡಾಕ್ಟ್ರೇ?”

“ಯಾರಮ್ಮ ಹಾಗಂದಿದ್ದು?”

ಅವಳು ಪರದೆಯತ್ತ ಬಾಗಿದಳು. “ಇನ್ನೊಂದ್ಸಲ ತೋರಿಸಿ” ಎಂದಳು.

ಮನೆಗೆ ಬರುವಾಗ ಎರಡನೇ ಮಹಡಿಯ ತಿರುವಿನಲ್ಲಿ, ಚಿಂದಿ ತುಂಬಿ ತಾನೇ ಹೊಲಿದಿಟ್ಟ ದಿಂಬಿನ ಮೇಲೆ ಕೂತು ಸುಧಾರಿಸಿಕೊಂಡಳು. ಗಂಡ ಹತ್ತುವಾಗಲೆಲ್ಲ, “ಮೆಟ್ಟಿಲ ಮೇಲೇ ಸಂಸಾರ ಹೂಡಿದ್ದಾಳೆ” ಎಂದು ಅದನ್ನು ಒದ್ದು ಸರಿಸುತ್ತಿದ್ದ.

ಅಂದು ಅವನು ಫಿಲ್ಮನ್ನು ಕಿಟಕಿಗೆ ಹಿಡಿದು ನೋಡಿದ. “ಕಪ್ಪು ಬಿಳುಪು ಬಿಟ್ರೆ ಏನೂ ಕಾಣಲ್ಲ. ನೀರು ಕೊಡು.”

ಅವಳು ಗೋಡೆ ಹಿಡಿದು ಎದ್ದಿದ್ದಳು.

*

ಕೊನೆಗೆ ಪಟ್ಟಿಗಳನ್ನು ಮೊಣಕಾಲಿನ ಮೇಲೊಂದು, ಕೆಳಗೊಂದು ಮಗಳೇ ಕಟ್ಟಿದಳು. ಹೊದಿಕೆಯಡಿ ಮಡಿಸಿದ ಕಾಲು ಹಾಗೇ ಉಬ್ಬಿ ನಿಂತಿತು.

ನಾಲ್ವರು ಸ್ಟ್ರೆಚರ್ ಎತ್ತಿದರು. ಮುಂದೆ ಗಂಡ. ಮೆಟ್ಟಿಲಿಳಿಯುವಾಗ ಭಾರವೆಲ್ಲ ಅವನ ಕಡೆಗೇ ಜಗ್ಗುತ್ತಿತ್ತು. ತಿರುವಿಗೆ ಬಂದವನು ಗಕ್ಕನೆ ನಿಂತ. ದಿಂಬು ಅಲ್ಲೇ ಇತ್ತು, ಅವಳು ಕೂತು ನಡುವೆ ಬಿದ್ದ ಗುಳಿಯ ಸಮೇತ.

ಅಭ್ಯಾಸಬಲದಿಂದ ಕಾಲೆತ್ತಿದ.

“ಒದೀರಿ ಅಪ್ಪ” ಎಂದಳು ಮಗಳು ಹಿಂದಿನಿಂದ. “ಯಾಕೆ ನಿಂತ್ರಿ?”

“ಭಾರ ಕಣಯ್ಯಾ, ನಡಿ” ಎಂದರು ಹಿಂದಿನವರು.

ಎತ್ತಿದ ಪಾದವನ್ನು ಎಲ್ಲಿ ಊರುವುದೆಂದು ತಿಳಿಯದೆ ಅವನು ಒಂಟಿಕಾಲಲ್ಲಿ ನಿಂತಿದ್ದ. ನೆಲಕ್ಕೂರಿದ ಕಾಲಿನ ಮೊಣಕಾಲು ಭಾರಕ್ಕೆ ಗಡಗಡ ನಡುಗುತ್ತಿತ್ತು.